ಕಿಟಕಿಯಲ್ಲಿ ಮುಳುಗಿದ ಸೂರ್ಯ

ಕಪಾಟಿನ ಬೀಗ ಸರಿಯಾಗಿತ್ತು. ಒಳಗಿನ ಸೀರೆಗಳ ಮಡಿಕೆ ಕೆಟ್ಟಿರಲಿಲ್ಲ. ಕೆಂಪು ಮಖಮಲ್ಲಿನ ಡಬ್ಬಿಯೂ ಇಟ್ಟಲ್ಲೇ ಇತ್ತು. ಸುಲ್ತಾನಾ ಅದರ ಮುಚ್ಚಳ ತೆಗೆದು ನೋಡಿದರು — ಸರ ಇರಲಿಲ್ಲ.

"ಯಾ ಅಲ್ಲಾ!"

ರಮಜಾನಿನ ಸಂಜೆ ಅದು. ಮಾಳಿಗೆಯ ಮೇಲೆ ಆಗಷ್ಟೇ ದಿನದ ಉಪವಾಸ, ರೋಜಾ, ಬಿಟ್ಟು ಕುಳಿತಿದ್ದ ಮನೆಮಂದಿಯೆಲ್ಲ ಈ ಕೂಗಿಗೆ ಕೆಳಗೆ ಓಡಿಬಂದರು. ಮುಂದೆ ಸುಲ್ತಾನಾರ ಗಂಡ ಇಸಾಕ ಸಾವಕಾರರು, ಕುಡಚಿಯ ಬೆಲ್ಲದ ವ್ಯಾಪಾರಿ. ಹಿಂದೆ ಮಗಳು ಫರಹತ. ಈದ್ ಮುಗಿದ ಮೇಲೆ ಅವಳ ನಿಕಾಹ್. ಅವಳಿಗೆಂದೇ ಅವತ್ತು ಮಧ್ಯಾಹ್ನ ಬ್ಯಾಂಕಿನ ಲಾಕರಿನಿಂದ ಆ ಸರ ಮನೆಗೆ ಬಂದಿತ್ತು. ಐದೆಳೆಯದು, ಹಿಂದಿನ ತಲೆಮಾರಿನದು.

"ಕೆಳಗ ಯಾರಿದ್ರು?" ಇಸಾಕರ ದನಿ ಬೀದಿಗೂ ಕೇಳಿಸಿತು.

ಒಳಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಸಪ್ಪಳ ನಿಂತಿತು. ಬಾಗಿಲಿಗೆ ಬಂದು ನಿಂತವಳು ನೀಲಮ. ಸತ್ತಿ ಊರಿನವಳು, ಫರಹತಳ ಮದುವೆ ಬಟ್ಟೆ ಹೊಲಿಯಲು ವಾರದಿಂದ ಬರುತ್ತಿದ್ದಳು. ಕೈಯಲ್ಲಿ ಇನ್ನೂ ಕತ್ತರಿ ಇತ್ತು.

"ನಾನೊಬ್ಬಾಕೀನ ಇದ್ನಿರಿ," ಅಂದಳು.

ಅಷ್ಟು ಸಾಕಾಯಿತು. ಬಾಗಿಲ ಮುಂದೆ ಆಗಲೇ ಜನ ಸೇರಿದ್ದರು. ಅವರೆಲ್ಲರ ಎದುರಿಗೇ ಇಸಾಕರು ಹೇಳಿದರು:

"ನಮ್ಮ ಅಲ್ತಾಫ ಮೆಕ್ಕಾಕ್ಕ ಹೋಗಿ ಉಮ್ರಾ ಮುಗಿಸಿ ಬರೂತನಕ ತಡೀತೀನಿ. ಅಷ್ಟರಾಗ ಸರ ತಂದಿಟ್ರ ಯಾರಿಗೂ ಹೇಳಂಗಿಲ್ಲ. ಇಲ್ಲಂದ್ರ ಅಂವ ಬಂದ ಮರುದಿನಾನ ಠಾಣೆಕ್ಕ ಹೋಗ್ತೀನಿ."

ಯಾರಿಗೂ ಹೇಳುವುದಿಲ್ಲವೆಂದು ಊರೆಲ್ಲ ಕೇಳುವಂತೆ ಹೇಳಿದ ಮನುಷ್ಯ! ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಕೃಷ್ಣೆ ದಾಟಿ ಸತ್ತಿಗೂ ಮುಟ್ಟಿತ್ತು.

* * *

ನಾನು ದಶರಥ, ಚಿಕ್ಕೋಡಿಯ ಪತ್ರಿಕೆಯೊಂದರ ವರದಿಗಾರ. ಸುದ್ದಿ ಸಿಗದ ದಿನ ಕುಡಚಿಗೆ ಹೋಗಿ ಮೈಮುನಾ ಮುಲ್ಲಾ ಅವರ ಪಡಸಾಲೆಯಲ್ಲಿ ಕೂರುವುದು ನನ್ನ ರೂಢಿ. ಪೊಲೀಸ್ ಫೌಜದಾರರಾಗಿ ನಿವೃತ್ತರಾದವರು. ಖಾಕಿ ಬಿಟ್ಟರೂ ಆ ನೋಟ ಬಿಟ್ಟಿಲ್ಲ. ಅವರ ಮುಂದೆ ಕುಳಿತರೆ ನಾನು ಮಾಡದ ತಪ್ಪೂ ನೆನಪಿಗೆ ಬರುತ್ತದೆ.

ಅವತ್ತೂ ತಾವು ರೋಜಾ ಇದ್ದುಕೊಂಡೇ ನನಗೆ ಚಹಾ ಮಾಡಿಕೊಟ್ಟಿದ್ದರು. ಲೋಟ ಬಾಯಿಗೆ ಹಿಡಿಯುವಷ್ಟರಲ್ಲಿ ನೀಲಮಳ ತಾಯಿ ಸುಂದರಾ ಬಂದಳು. ಕುಳಿತುಕೋ ಅಂದರೂ ಕೂರಲಿಲ್ಲ.

"ಬಾಯಾರ, ನನ್ನ ಮಗಳು ಪೊಲೀಸ್ ಭರ್ತಿಯಾಗ ಪಾಸಾಗ್ಯಾಳ. ಓಡಿ ಪಾಸಾದ್ಲು, ಬರದು ಪಾಸಾದ್ಲು. ಇನ್ನ ಊರಾಗ ಬಂದು ಹುಡುಗಿ ಹೆಂಗ ಅಂತ ಕೇಳೂದೊಂದ ಉಳದೈತಿ. ಈಗ ಕಳ್ಳತನದ ಕೇಸ ಬಿತ್ತಂದ್ರ?"

"ನೌಕರಿ ಹೋತು," ಮೈಮುನಾ ನೇರವಾಗಿಯೇ ಅಂದರು. "ಸುಂದರವ್ವ, ಒಂದ ಮಾತು. ನಿನ್ನ ಮಗಳು ತಗೊಂಡಾಳೇನು?"

ಸುಂದರಾಳ ಮುಖ ಕೆಂಪಗಾಯಿತು. "ನಮ್ಮ ಮನ್ಯಾಗ ಬಾಬಾಸಾಹೇಬರ ಫೋಟೋ ಐತ್ರಿ. ಅದರ ಮುಂದ ನಿಂತು ಇಲ್ಲ ಅಂದಾಳ. ನನಗ ಅಷ್ಟ ಸಾಕು."

"ನನಗ ಸಾಲಂಗಿಲ್ಲ. ಆದ್ರ ಹುಡುಕ್ತೀನಿ. ಅಲ್ತಾಫ ಬರೂದ್ರಾಗ ಕಳ್ಳನ್ನ ತೋರಸ್ತೀನಿ. ಹೋಗಿ ಊಟಾ ಮಾಡು."

ತಾಯಿ ಹೋದ ಮೇಲೆ ನಾನು ಕೇಳಿದೆ: "ಇಷ್ಟು ಗಟ್ಟಿಯಾಗಿ ಹೇಳಿದಿರಲ್ಲ ಮೇಡಂ, ಸಿಗದಿದ್ದರೆ?"

"ಸಿಗ್ತಾನ ಬಿಡೋ. ಚಹಾ ಆರತೈತಿ, ಕುಡಿ."

* * *

ಇಸಾಕರ ಮನೆಯಲ್ಲಿ ಮೈಮುನಾ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಸಾವಕಾರರೇ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ಆದರೂ ಮುಖ ಗಂಟಿಕ್ಕಿಕೊಂಡೇ ಇದ್ದರು.

"ಕಪಾಟಿನ ಕೀಲಿ ಎಲ್ಲಿ ಇಡ್ತಿ ಸುಲ್ತಾನಾ?"

"ಗಡಿಯಾರದ ಹಿಂದ."

"ಯಾರ್ಯಾರಿಗೆ ಗೊತ್ತು?"

"ಮನ್ಯಾವ್ರಿಗೆಲ್ಲಾ ಗೊತ್ತು. ಅವತ್ತು ನೀಲಮಳ ಎದುರಿಗೇ ತಗದೀನಿ. ಅಕೀಗೂ ಗೊತ್ತಾತು."

"ಅವತ್ತ ಸರ ಬ್ಯಾಂಕಿನಿಂದ ಬರತೈತಿ ಅನ್ನೂದು?"

"ಅದು ವಾರದ ಹಿಂದನ ನಕ್ಕಿ ಆಗಿತ್ತು. ಮನ್ಯಾಗ ಮಾತಾಡಿದ್ವಿ."

"ಹಿತ್ತಲ ಬಾಗಲಕ್ಕ ಬ್ಯಾರೆ ಕೀಲಿ ಐತೇನು?"

"ಮೂರ ಅದಾವು. ಇವರ ಕಡೆ ಒಂದು, ನಮ್ಮ ಫೈಜಾನನ ಕಡೆ ಒಂದು, ಅಲ್ತಾಫನ ಕಡೆ ಒಂದು."

ಇಸಾಕರು ಮಾಳಿಗೆಯ ಮೇಲೆ ಹೆಂಡತಿ-ಮಗಳ ಜೊತೆಗೇ ಇದ್ದರು. ಮಗ ಫೈಜಾನ ಆ ಹೊತ್ತಿಗೆ ಮಸೀದಿಯಲ್ಲಿ ಇಫ್ತಾರಿನ ತಟ್ಟೆ ಹಂಚುತ್ತಿದ್ದ, ನೋಡಿದವರು ಊರ ತುಂಬ ಇದ್ದರು. ಅಲ್ತಾಫ ಇಸಾಕರ ಸತ್ತುಹೋದ ಅಣ್ಣನ ಮಗ. ತಂದೆತಾಯಿ ಇಬ್ಬರೂ ಇಲ್ಲ, ಬೆಳೆದದ್ದು ಚಾಚಾನ ಮನೆಯಲ್ಲೇ. ಅವನು ಕಳವಿನ ಹಿಂದಿನ ರಾತ್ರಿಯೇ ಮಾಲೆ ಹಾಕಿಸಿಕೊಂಡು, ಕುಡಚಿ ಸ್ಟೇಶನ್ನಿನಲ್ಲಿ ಎಲ್ಲರನ್ನೂ ತಬ್ಬಿ, ಮುಂಬೈ ರೈಲು ಹತ್ತಿದ್ದ.

ಆಮೇಲೆ ನೀಲಮಳ ಸರದಿ. ಹುಡುಗಿ ಹೆದರಿರಲಿಲ್ಲ. ಸಿಟ್ಟು ಮಾತ್ರ ಇತ್ತು.

"ಅವತ್ತ ಏನ ಕೇಳಿಸ್ತು?"

"ಮಿಷನ್ ತುಳಿಯಾಕತ್ತಿದ್ನಿರಿ. ದಾರ ಹರೀತು, ಪೋಣಿಸಾಕ ನಿಂತ್ನಿ. ಆಗ ಹಿತ್ತಲ ಬಾಗಲಾ ಸಪ್ಪಳ ಆತು. ಪಡಸಾಲ್ಯಾಗ ಯಾರೋ ನಡದ್ರು. ಮನ್ಯಾವ್ರ ಇರಬೇಕಂತ ಸುಮ್ಮನಾದ್ನಿ. ಆಮ್ಯಾಲ ಅಟ್ಟದ ನಿಚ್ಚಣಕಿ ಕಿರಗುಟ್ತು."

"ಅಟ್ಟದ್ದು? ಮಾಳಿಗಿ ಮೆಟ್ಟಲಾ ಅಲ್ಲ?"

"ಮಾಳಿಗಿದು ಕಲ್ಲಿನ ಮೆಟ್ಟಲಾರಿ. ಅದೆಲ್ಲಿ ಕಿರಗುಟ್ಟತೈತಿ? ಇದನ್ನ ಅವತ್ತ ಸಾವಕಾರ್ರಿಗೂ ಹೇಳೀನಿ. ಕಿವೀನ ಕೊಡಲಿಲ್ಲ."

ಮೈಮುನಾ ತಲೆಯೆತ್ತಿ ಅಟ್ಟದ ಕಡೆಗೊಮ್ಮೆ ನೋಡಿದರು. ಹತ್ತಲಿಲ್ಲ. ಸುಲ್ತಾನಾಗೆ ಒಂದೇ ಪ್ರಶ್ನೆ ಕೇಳಿದರು.

"ಮ್ಯಾಲೆ ಏನ ಐತಿ?"

"ಹಳೇ ಪಾತ್ರೆ. ಅಲ್ತಾಫನ ಅಮ್ಮಿಯ ಟ್ರಂಕು. ಅಷ್ಟ."

ಹೊರಗೆ ಬಂದದ್ದೇ ನಾನು ಶುರುಮಾಡಿದೆ. "ಮೇಡಂ, ಕೀಲಿ ಮೂರು. ಇಬ್ಬರಿಗೆ ಸಾಕ್ಷಿ ಇದೆ. ಮೂರನೆಯವನು ಆಕಾಶದಲ್ಲಿದ್ದ. ಲೆಕ್ಕ ಹಾಕಿದ್ದೇನೆ ನೋಡಿ." ಮೊಬೈಲ್ ತೆರೆದು ಹಿಡಿದೆ. "ಮುಂಬೈಯಿಂದ ಜೆಡ್ಡಾಕ್ಕೆ ಆಕಾಶದ ದಾರಿ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್. ಪ್ರಯಾಣ ಐದೂವರೆ ತಾಸು. ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ನಮ್ಮ ಗಡಿಯಾರದ ಎಂಟಕ್ಕೆ ಇಳಿಯಬೇಕು. ಕಳವಾದದ್ದು ಆರೂಮುಕ್ಕಾಲರ ಆಸುಪಾಸು. ಆಗ ಅಲ್ತಾಫ ಸಮುದ್ರ ದಾಟಿ ಅರಬರ ಮರಳಿನ ಮೇಲೆ ಹಾರುತ್ತಿರಬೇಕು. ಅಲ್ಲಿಂದ ಕೈ ಚಾಚಿದರೆ ಕುಡಚಿಯ ಕಪಾಟು ಸಿಗುತ್ತದೆಯೇ?"

"ಲೆಕ್ಕ ಬರೋಬರಿ ಐತಿ," ಮೈಮುನಾ ಅಂದರು. "ಎರಡೂವರೆ ವಿಮಾನ ಅಂತ ಹೇಳಿದವರು ಯಾರು?"

"ಮನೆಯವರೆಲ್ಲ."

"ಅವರಿಗೆ?"

"ಅಲ್ತಾಫ."

"ಇಳದೀನಿ ಅಂತ ಫೋನ್ ಮಾಡಿದವನು?"

"ಅವನೇ... ಆದರೆ ಮೇಡಂ, ಉಮ್ರಾಕ್ಕೆ ಹೋದವನು!"

"ಅದಕ್ಕ ಯಾರೂ ಕೇಳಿಲ್ಲ. ನಾನೂ ಈಗ ಕೇಳಂಗಿಲ್ಲ. ಕೀಲಿ ಐತಿ ಅಂದ ಮಾತ್ರಕ್ಕ ಪಾಸ್‌ಪೋರ್ಟ್ ತೋರಸು ಅಂದ್ರ ಇಸಾಕ ನನ್ನನ್ನ ಹೊಸ್ತಿಲಾ ದಾಟಸ್ತಾನ. ಹುಡುಗ ಬರಲಿ. ಯಾತ್ರಿ ಮಾಡಿ ಬಂದವರು ಸುಮ್ಮನಿರಂಗಿಲ್ಲ, ಹೇಳೇ ಹೇಳ್ತಾರ."

* * *

ಅಲ್ತಾಫ ಬಂದ. ಉಮ್ರಾ ಮುಗಿಸಿ ಬಂದವರ ಮನೆಗೆ ಹೋಗಿ ಮೆಕ್ಕಾದ ಝಂಝಂ ನೀರು ಕುಡಿದು, ಅಲ್ಲಿಯ ಖರ್ಜೂರ ತಿಂದು, ಯಾತ್ರೆಯ ಕಥೆ ಕೇಳುವುದು ನಮ್ಮ ಕಡೆಯ ವಾಡಿಕೆ. ರೋಜಾ ಬಿಡುವ ಹೊತ್ತಿಗೆ ಇಸಾಕರ ಮಾಳಿಗೆ ತುಂಬಿಹೋಗಿತ್ತು. ನಾನೂ ಮೈಮುನಾ ಅವರ ಬೆನ್ನಿಗೆ ಹೋಗಿ ಕುಳಿತೆ.

ಹುಡುಗ ಲಕ್ಷಣವಾಗಿದ್ದ. ಬೋಳಿಸಿದ ತಲೆ, ಬಿಳಿ ಕುರ್ತಾ, ಮೆತ್ತಗಿನ ಮಾತು. ಕಳವಿನ ಸುದ್ದಿ ಎತ್ತಿದವರಿಗೆ ನೊಂದ ಮುಖ ಮಾಡಿ, "ಬಡವರ ಹುಡುಗಿ, ಮಾಫ್ ಮಾಡ್ರಿ ಚಾಚಾ," ಅಂದ. ಎಂಥ ದೊಡ್ಡ ಮನಸ್ಸು ಅಂತ ನನಗೂ ಅನ್ನಿಸಿತು.

"ಅಲ್ತಾಫ, ಹೋಗೂ ದಾರ್ಯಾಗ ರೋಜಾ ಇದ್ದೇನಪಾ?" ಮೈಮುನಾ ತಟ್ಟೆಯಲ್ಲಿ ಖರ್ಜೂರ ಜೋಡಿಸುತ್ತ ಕೇಳಿದರು. "ಪ್ರಯಾಣದಾಗ ಮಾಫಿ ಐತಲ್ಲ?"

"ಮಾಫಿ ಐತಿ ಖಾಲಾ. ಆದ್ರ ನಾ ಒಂದೂ ತಪ್ಪಿಸಿಲ್ಲ."

"ಶಾಬಾಸ್. ಎಲ್ಲಿ ಬಿಟ್ಟಿ ಮತ್ತ?"

"ವಿಮಾನದಾಗನ!" ಅವನ ಕಣ್ಣು ಹೊಳೆದವು. "ಕಿಟಕಿ ಸೀಟ ಸಿಕ್ಕಿತ್ತು. ಗಡಿಯಾರ ನೋಡಿದ್ನಿ — ಆರೂಮುಕ್ಕಾಲು. ಈಗ ಮನ್ಯಾಗ ಎಲ್ಲಾರೂ ಮಾಳಿಗಿ ಮ್ಯಾಲ ಕುಂತಿರ್ತಾರ ಅಂತ ನೆನಪಾತು. ಕಿಟಕ್ಯಾಗ ನೋಡ್ತೀನಿ, ಸೂರ್ಯ ಕೆಂಪಗ ಆಗಿ ಮೋಡದ ಕೆಳಗ ಇಳದ. ಖರ್ಜೂರ ಬಾಯಾಗ ಹಾಕ್ಕೊಂಡ್ನಿ. ನೀವು ಇಲ್ಲಿ, ನಾ ಅಲ್ಲಿ, ಎಲ್ಲಾರೂ ಒಂದ ಗಳಿಗ್ಯಾಗ ರೋಜಾ ಬಿಟ್ವಿ!"

ಸುಲ್ತಾನಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸೂರ್ಯ ಪೂರ್ತಿ ಮುಳುಗಿದ್ದು ನೋಡಿದಿ?"

"ಕಣ್ಣಾರೆ ನೋಡೀನಿ ಖಾಲಾ."

"ಮಧ್ಯಾಹ್ನದ ಎರಡೂವರೆ ವಿಮಾನ?"

"ಅದಽ."

ಮಸೀದಿಯಿಂದ ಅಜಾನ್ ಕೇಳಿತು. ಮೈಮುನಾ ಖರ್ಜೂರ ಬಾಯಿಗಿಟ್ಟುಕೊಂಡರು, ನಿಧಾನವಾಗಿ ನೀರು ಕುಡಿದರು. ನಮಾಜು, ಊಟ ಮುಗಿಸಿ ಬಂದವರೆಲ್ಲ ಹೊರಡುತ್ತಿದ್ದಾಗ ಇಸಾಕರ ಹತ್ತಿರ ಹೋಗಿ ಅಂದರು:

"ನಾಳೆ ಠಾಣೆಕ್ಕ ಹೋಗೂದು ಬ್ಯಾಡ. ಮನ್ಯಾವ್ರನ್ನೆಲ್ಲಾ ಕೆಳಗ ಕೂಡಸು. ನೀಲಮಳನ್ನೂ ಅವರವ್ವನ್ನೂ ನಾನ ಕರಸೀನಿ."

* * *

ಪಡಸಾಲೆಯಲ್ಲಿ ಮೈಮುನಾ ಮಾತ್ರ ನಿಂತಿದ್ದರು. ಉಳಿದವರೆಲ್ಲ ಕುಳಿತಿದ್ದರು. ತಾಯಿ-ಮಗಳು ಬಾಗಿಲ ಬಳಿ.

"ಸರ ತಗೊಂಡಾವ ಅಲ್ತಾಫ," ಅಂದರು.

ಇಸಾಕರು ಎದ್ದೇಬಿಟ್ಟರು. "ಆಪಾ! ಕಾಬಾ ನೋಡಿ ಬಂದವನ ಮ್ಯಾಲ ಇಂಥಾ ಮಾತು? ಅಂವ ಅವತ್ತ ಆಕಾಶದಾಗ ಇದ್ದ!"

"ಕುಂದರು ಇಸಾಕ. ನಾನೂ ಒಮ್ಮೆ ರಮಜಾನದಾಗ ಉಮ್ರಾಕ್ಕ ಹೋಗೀನಿ. ಮುಂಬೈಯಿಂದ, ಮಧ್ಯಾಹ್ನದ ವಿಮಾನ. ರೋಜಾ ಇದ್ನಿ. ನನ್ನ ಜೀವಮಾನದಾಗ ಅಷ್ಟ ಉದ್ದನ್ನ ರೋಜಾ ಎಂದೂ ಮಾಡಿಲ್ಲ. ಯಾಕ ಗೊತ್ತೇನು?"

ಅವರೇ ಪಶ್ಚಿಮದ ಕಡೆ ಕೈ ತೋರಿಸಿದರು.

"ವಿಮಾನ ಪಶ್ಚಿಮಕ್ಕ ಹೋಗತೈತಿ. ಸೂರ್ಯನೂ ಪಶ್ಚಿಮಕ್ಕ ಹೋಗ್ತಾನ. ನಾವು ಅವನ ಬೆನ್ನ ಹತ್ತಿ ಓಡಿಧಂಗ. ಇಲ್ಲಿ ಕುಡಚ್ಯಾಗ ಸೂರ್ಯ ಮುಳುಗಿದ ಮ್ಯಾಲ ಜೆಡ್ಡಾದಾಗ ಮುಳುಗಾಕ ಎರಡ ತಾಸಿನ ಮ್ಯಾಲ ಬೇಕು. ನನ್ನ ಗಡಿಯಾರದಾಗ ಏಳ ಆತು, ಏಳೂವರೆ ಆತು. ಸೂರ್ಯ ಕಿಟಕ್ಯಾಗ ಹಂಗ ಕುಂತಾನ! ಮಗ್ಗಲದಾಗ ನಿಪ್ಪಾಣಿ ಕಡೆಯಾವ ಒಬ್ಬ ಗಡಿಯಾರ ನೋಡಿ ಖರ್ಜೂರ ಬಾಯಿಗಿ ಒಯ್ದ. ಹಿಂದಿನ ಸೀಟಿನ ಹಿರೀಕರು ಅವನ ಕೈ ಹಿಡದ್ರು — 'ಹೊರಗ ನೋಡೋ! ರೋಜಾ ಬಿಡೂದು ಗಡಿಯಾರಕ್ಕಲ್ಲ, ಸೂರ್ಯಗ.' ವಿಮಾನ ಜೆಡ್ಡಾದಾಗ ಇಳೀತು. ಆಗೂ ಅಲ್ಲಿ ಬಿಸಲ ಇತ್ತು."

ನನ್ನ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ದೂರ ಸರಿ, ತಾಸು ಸರಿ. ಆದರೆ ನಾನು ಕುಡಚಿಯ ಸೂರ್ಯನನ್ನು ಅರಬರ ಮರಳಿನ ಮೇಲೆ ಮುಳುಗಿಸಿಬಿಟ್ಟಿದ್ದೆ. ಅಲ್ತಾಫನೂ ಅದನ್ನೇ ಮಾಡಿದ್ದ!

"ಗಡಿಯಾರ ನೋಡಿ ರೋಜಾ ಬಿಟ್ನಿ ಅಂದಿದ್ರ ತಪ್ಪಾಗೇತಿ ಅಂತ ನಂಬತಿದ್ನಿ," ಮೈಮುನಾ ಅವನತ್ತ ತಿರುಗಿದರು. "ನೀ ಸೂರ್ಯ ಮುಳುಗಿದ್ದು ನೋಡೀನಿ ಅಂದಿ. ಆರೂಮುಕ್ಕಾಲಕ್ಕ, ಆ ವಿಮಾನದ ಕಿಟಕ್ಯಾಗ, ಆ ಸೂರ್ಯ ಮುಳುಗಾಕ ಸಾಧ್ಯನ ಇಲ್ಲ. ಆ ಹೊತ್ತಿನ್ಯಾಗ ಮುಳುಗಿದ ಸೂರ್ಯ ಕುಡಚಿದು. ನೀ ಇದ್ದದ್ದೂ ಇಲ್ಲೇ."

"ಸುಳ್ಳು... ಖಾಲಾ, ನಂಗ ನೆನಪ..."

"ಪಾಸ್‌ಪೋರ್ಟ್ ತೋರಸು. ಮುಂಬೈ ಬಿಟ್ಟ ದಿನದ್ದು ಠಸೆ ಇರತೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ತಾಫನ ಕೈ ತಾನಾಗಿಯೇ ಕುರ್ತಾದ ಜೇಬನ್ನು ಮುಚ್ಚಿತು. ಇಸಾಕರು ಆ ಕೈಯನ್ನು ಸರಿಸಿ ಪಾಸ್‌ಪೋರ್ಟ್ ತೆಗೆದರು. ದೀಪದ ಕೆಳಗೆ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ಠಸೆಯಲ್ಲಿದ್ದದ್ದು ಕಳವಿನ ಮರುದಿನದ ತಾರೀಖು.

"ಎಲ್ಲಿದ್ದೀ?" ಅವರ ದನಿ ಸೋತಿತ್ತು.

"ಮಿರಜ್‌ದಾಗ." ಅಲ್ತಾಫ ನೆಲ ನೋಡುತ್ತಿದ್ದ. "ರೈಲಿನಿಂದ ಅಲ್ಲೇ ಇಳದ್ನಿ. ಲಾಡ್ಜಿನ್ಯಾಗ ಇದ್ನಿ. ಸಂಜೀಕ ಬಂದ್ನಿ. ಇಫ್ತಾರಿ ಹೊತ್ತಿನ್ಯಾಗ ಓಣ್ಯಾಗ ಯಾರೂ ಇರಂಗಿಲ್ಲಲ್ಲ. ಆಮ್ಯಾಲ ರಾತ್ರಿ ಬಸ್ಸಿಗೆ ಮುಂಬೈ. ಮರುದಿನ ರಾತ್ರಿ ವಿಮಾನ. ಇಳದೀನಿ ಅಂತ ಫೋನ್ ಮಾಡಿದ್ದು ಬಸ್ಸಿನಿಂದ."

"ರಾತ್ರಿ ವಿಮಾನ," ಮೈಮುನಾ ನನ್ನತ್ತ ನೋಡಿ ಅಂದರು. "ಹೋಗೂ ಮುಂದೂ ರಾತ್ರಿ, ಬರೂ ಮುಂದೂ ರಾತ್ರಿ. ಸೂರ್ಯನ್ನ ನೋಡೇ ಇಲ್ಲ ಹುಡುಗ. ಅದಕ್ಕ ಕಥೀ ಕಟ್ಟಿದ."

"ಯಾಕೋ?" ಇಸಾಕರು ಕೇಳಿದರು. "ನಿನಗೇನ ಕಡಿಮಿ ಮಾಡಿದ್ನಿ?"

ಅಲ್ತಾಫ ಮೊದಲ ಸಲ ತಲೆಯೆತ್ತಿದ. ಈಗ ಅವನ ದನಿ ಮೆತ್ತಗಿರಲಿಲ್ಲ.

"ಆ ಸರ ನಮ್ಮ ಅಮ್ಮಿದು! ಅಬ್ಬಾ ತೀರಿದ ಮ್ಯಾಲ ಅಮ್ಮಿ ಕೊರಳಿಂದ ತಗದು ಒಳಗ ಇಟ್ರಿ. ಇದ್ದಾಗೂ ಕೊಡಲಿಲ್ಲ, ಸತ್ತಾಗೂ ಕೊಡಲಿಲ್ಲ. ಈಗ ಫರಹತಗ ಅಂದ್ರಿ. ನನ್ನನ್ನ ಒಂದ ಮಾತ ಕೇಳಿದ್ರೇನು?"

ಇಸಾಕರು ಪಾಸ್‌ಪೋರ್ಟನ್ನು ಮುಚ್ಚಿ ಕೆಳಗಿಟ್ಟರು. ಇಲ್ಲವೆನ್ನುವಂತಿರಲಿಲ್ಲ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಫರಹತ ಅಳುತ್ತ ಅಂದಳು: "ಭಾಯಿಜಾನ್, ಕೇಳಿದ್ರ ನಾನ ಕೊಡ್ತಿದ್ನಿ."

"ನಿಚ್ಚಣಕಿ ಹತ್ತು ಅಲ್ತಾಫ," ಮೈಮುನಾ ಅಂದರು. "ಅವ್ವನ ಟ್ರಂಕ್ ಇಳಸು."

ಅವನು ಹತ್ತಿದ. ನಿಚ್ಚಣಿಕೆ ಕಿರುಗುಟ್ಟಿತು. ನೀಲಮ ತಾಯಿಯ ಕೈ ಹಿಡಿದುಕೊಂಡಳು. ಕೇಳಿದೀರಾ, ಇದೇ ಸಪ್ಪಳ ಅನ್ನುವಂತೆ ಎಲ್ಲರನ್ನೂ ನೋಡಿದಳು. ಟ್ರಂಕಿನಲ್ಲಿ ಮಾಸಿದ ಹಸಿರು ಸೀರೆಯೊಂದು ಮಡಿಸಿಟ್ಟಿತ್ತು. ಅದರ ಮೇಲೆ, ಹೊರಗೆ ಹೋಗದೆ ಅಷ್ಟೂ ದಿನ ಮನೆಯಲ್ಲೇ ಇದ್ದ ಐದೆಳೆಯ ಸರ.

"ಮೇಡಂ, ಮೊದಲ ದಿನವೇ ನಿಮಗೆ ಅಟ್ಟದ ಮೇಲೆ ಗುಮಾನಿ ಇತ್ತಲ್ಲ?" ತಡೆಯಲಾರದೆ ಕೇಳಿದೆ. "ಆಗಲೇ ಹತ್ತಿ ನೋಡಬಹುದಿತ್ತು."

"ಆಗ ನೋಡಿದ್ರ ಸರ ಸಿಗತಿತ್ತು. ಈ ಹುಡುಗೀನ ಬಚ್ಚಿಟ್ಟಾಳ ಅಂತಿದ್ರಿ. ನಾ ಹುಡುಕಾಕ ಬಂದದ್ದು ಸರ ಅಲ್ಲ."

ಇಸಾಕರು ಸರವನ್ನು ಮುಟ್ಟಲಿಲ್ಲ. "ಆಪಾ, ಮನಿ ಮಾತು. ಮನ್ಯಾಗ ಮುಗಸೋಣ. ಸರ ನನ್ನದು, ನಾ ಕಂಪ್ಲೇಂಟ ಕೊಡಂಗಿಲ್ಲ."

"ನಿನ್ನದೇನ ಕಳವಾಗೇತಿ ಇಸಾಕ? ಸರ ನಿನ್ನ ಅಟ್ಟದ ಮ್ಯಾಲ ಇತ್ತು. ಕಳವಾದದ್ದು ಈ ಹುಡುಗಿ ಹೆಸರು. ಮಾಫ್ ಮಾಡೂದು, ಬಿಡೂದು ಅಕೀ ಹೇಳಬೇಕು." ಆಮೇಲೆ ಅಲ್ತಾಫನಿಗೆ: "ಅವ್ವನ ಸರ ಬೇಕು ಅಂತ ಚಾಚಾನ ಮುಂದ ಕೇಳಬೇಕಿತ್ತು. ಅದನ್ನ ಒಯ್ದು ಇಕೀ ಕೊರಳಿಗೆ ಯಾಕ ಹಾಕಿದೀ?"

ಅವನು ಅಳತೊಡಗಿದ. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ನೀಲಮಳಿಗೆ ಬರೀ ಸಿಟ್ಟೇ ಬಂದಿರಬೇಕು. ಆದರೂ ದನಿ ಏರಿಸಲಿಲ್ಲ.

"ಕೇಸ್ ಬ್ಯಾಡ್ರಿ. ಸಾವಕಾರ್ರು ಬೀದ್ಯಾಗ ನಿಂತು ಅಂದ್ರು, ಸತ್ತಿತನಕ ಹೋತು. ನಾಳೆ ಇಬ್ಬರೂ ಸತ್ತಿಗೆ ಬರ್ರಿ. ಎಲ್ಲಾರ ಮುಂದ ನಿಂತು ಹೇಳ್ರಿ. ಠಾಣೆಯಿಂದ ಕೇಳಾಕ ಬಂದಾಗೂ ನೀವ ಬಂದು ಹೇಳ್ರಿ. ಅಷ್ಟ."

* * *

ಮರುದಿನ ಸಂಜೆ ಅವರು ಬಂದರು. ಸತ್ತಿಯ ಬುದ್ಧ ವಿಹಾರದ ಮುಂದಿನ ಕಟ್ಟೆಯ ಹತ್ತಿರ ಊರು ನೆರೆದಿತ್ತು. ಮೊದಲು ಇಸಾಕರು ಕೈಮುಗಿದು, ತಾವು ನೋಡದೆ ಅಂದದ್ದು ತಪ್ಪು ಅಂದರು. ಆಮೇಲೆ ಅಲ್ತಾಫ ಎಲ್ಲವನ್ನೂ ಹೇಳಿದ — ಮಿರಜ್, ಲಾಡ್ಜು, ಕೀಲಿ, ಟ್ರಂಕು. ಕಿಟಕಿಯ ಸೂರ್ಯನನ್ನೂ ಬಿಡಲಿಲ್ಲ. ಯಾರೋ ನಕ್ಕರು. ನೀಲಮ ನಗಲಿಲ್ಲ. ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದಳು. ಆ ನಿಲುವು ನೋಡಿ ಮೈಮುನಾ ನನ್ನ ಕಿವಿಯಲ್ಲಿ, "ಖಾಕಿ ಛಲೋ ಒಪ್ಪತೈತಿ ಇಕೀಗೆ," ಅಂದರು.

ಮಾತು ಮುಗಿದಾಗ ರೋಜಾ ಬಿಡುವ ಹೊತ್ತು ಹತ್ತಿರ ಬಂದಿತ್ತು. ಸುಂದರಾ ಮನೆಯೊಳಗೆ ಹೋಗಿ ತಟ್ಟೆಯಲ್ಲಿ ಬಾಳೆಹಣ್ಣು, ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲಿಟ್ಟಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಲ್ತಾಫ ಹಿಂಜರಿಯುತ್ತ ಕುಳಿತ. ಹಣ್ಣು ಸುಲಿದು, ಕೈಗಡಿಯಾರ ನೋಡಿ, ಬಾಯಿಯ ಹತ್ತಿರ ಒಯ್ದ.

"ತಡೀರಿ," ನೀಲಮ ಅಂದಳು.

ಅವಳು ಹೊಳೆಯ ಕಡೆ ಬೆರಳು ಮಾಡಿದಳು. ಕಬ್ಬಿನ ಗದ್ದೆಗಳಾಚೆ ಸೂರ್ಯ ಇನ್ನೂ ಒಂದಿಷ್ಟು ಉಳಿದಿದ್ದ. ಅಲ್ತಾಫ ಹಣ್ಣನ್ನು ಕೆಳಗಿಟ್ಟ. ಎಲ್ಲರೂ ಆ ಕಡೆಗೇ ನೋಡುತ್ತ ಕಾದರು. ಅಂಚು ಮರೆಯಾದ ಮೇಲೆ ನೀಲಮಳೇ ತಂಬಿಗೆಯನ್ನು ಅವನತ್ತ ಸರಿಸಿದಳು.

"ಈಗ ಮುಳುಗ್ತು. ಕುಡೀರಿ."